ಕ್ಯೂಬಾದ ತಾಳಕ್ಕೆ ಹಗರೆಯ ತಮಟೆ

ಬೆಳಗಿನ ಐದೂವರೆ. ಅರಸೀಕೆರೆಯ ಪುಟ್ಟ ರೆಕಾರ್ಡಿಂಗ್ ಕೋಣೆಯೊಂದರ ಎದುರು ದ್ಯಾವಯ್ಯ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದಾರೆ. ಕಾದ ಚರ್ಮ ಬಿಗಿಯಾಗಿ ನಿಲ್ಲುವುದು ಹತ್ತೇ ನಿಮಿಷ, ಅಷ್ಟರಲ್ಲಿ ಒಂದು ಹಾಡು ಮುಗಿಯಬೇಕು. ಲಾರಿಗಳ ಗದ್ದಲ ಶುರುವಾಗುವ ಮುನ್ನ, ಕರೆಂಟ್ ಹೋಗುವ ಮುನ್ನ, ದಿನಕ್ಕೆ ಎರಡೇ ಹಾಡು.

ಹಗರೆ ಊರಿನ ದ್ಯಾವಯ್ಯನವರಿಗೆ ಈಗ ಐವತ್ತೆಂಟು. ಹಳೇಬೀಡಿನ ದೇವಸ್ಥಾನದ ಹುಲ್ಲುಹಾಸಿಗೆ ನೀರು ಹಾಯಿಸುವುದು ಹೊಟ್ಟೆಪಾಡು, ಹಾಡು ಕಟ್ಟುವುದು ಮೂವತ್ತು ವರ್ಷದ ಹುಚ್ಚು. ಸಭೆ, ಮೆರವಣಿಗೆಗಳಲ್ಲಿ ಅವರ ಹಾಡು ಹಾಡದವರಿಲ್ಲ, ಕಟ್ಟಿದವರ ಹೆಸರು ಮಾತ್ರ ಯಾರಿಗೂ ಬೇಕಿಲ್ಲ. 1997ರಲ್ಲಿ ಪ್ರವಾಸಿಯೊಬ್ಬ ಕೊಟ್ಟುಹೋದ ಕ್ಯೂಬಾದ ಲ್ಯಾಟಿನ್ ಸಂಗೀತದ ಕ್ಯಾಸೆಟ್ಟೊಂದು ಅವರ ನಿದ್ದೆಗೆಡಿಸಿತು. "ಅವ್ರೂ ಜೀತದೋರ ಮೊಮ್ಮಕ್ಳಂತೆ. ಡೋಲು ಬಡೀತಾ ನಗ್ತಾ ಹಾಡ್ತವ್ರೆ. ನಾವ್ಯಾಕೆ ತಲೆ ತಗ್ಸಿ ಬಡೀಬೇಕು ಅನ್ನಿಸ್ತು" ಎನ್ನುತ್ತಾರೆ. ಎರಡು ವರ್ಷ ಕೂತು ಆ ತಾಳಕ್ಕೆ ಎಂಟು ಕನ್ನಡ ಹಾಡು ಕಟ್ಟಿದ್ದಾರೆ, ಈಗ ಅವುಗಳದೇ ಒಂದು ಕ್ಯಾಸೆಟ್ಟು ಮಾಡುತ್ತಿದ್ದಾರೆ. ಒಬ್ಬರು ಕರೆದರೆ ಇನ್ನೊಬ್ಬರು ಓಗೊಡುವ ಹಾಡುಗಳು.

ಓಗೊಡಬೇಕಾದವರು ಮಗಳು ರಮಾ, ಹೈಸ್ಕೂಲ್ ಟೀಚರ್. ಅವರಿಗೆ ತಮಟೆ ಕಂಡರಾಗದು. ತಾತನನ್ನು ಸಾವಿನ ಮನೆಗೆ ಕರೆಸಿ, ಅಂಗಳದಾಚೆ ನಿಲ್ಲಿಸಿ ಬಾರಿಸಿಕೊಂಡ ಊರನ್ನು ಅವರು ಮರೆತಿಲ್ಲ. "ತಾತ ಬಿಟ್ಟ ತಮಟೇನ ನೀನ್ಯಾಕಪ್ಪಾ ಮತ್ತೆ ಎತ್ಕೊಂಡೆ?" ಎಂದು ಜಗಳವಾಡಿ, ತಮಟೆ ಇದ್ದರೆ ಒಂದೇ ಹಾಡಿಗೆ ಬರುತ್ತೇನೆ ಎಂದು ಹೇಳಿಯೇ ಬಂದಿದ್ದಾರೆ. ಅವರ ದನಿಯಿಲ್ಲದೆ ಕ್ಯಾಸೆಟ್ಟಿಲ್ಲ.

ಮೊದಲ ಪ್ರಯತ್ನದಲ್ಲೇ ತಮಟೆ ಮಗಳ ದನಿಯನ್ನು ನುಂಗಿಬಿಡುತ್ತದೆ. ರೆಕಾರ್ಡ್ ಮಾಡುವ ಶಶಿಕಿರಣ್ ಹೆಡ್‌ಫೋನ್ ತೆಗೆದು, "ಸೌಂಡ್ ಜಾಸ್ತಿ ಸರ್. ನೀವು ತಮಟೆ ತಗೊಂಡು ಹೊರಗಡೆ ನಿಂತ್ಕೊಳ್ಳಿ, ಇನ್ನೊಂದು ಮೈಕ್ ಕೊಡ್ತೀನಿ" ಎನ್ನುತ್ತಾರೆ. ಅವರದು ಬರೀ ಸದ್ದಿನ ಚಿಂತೆ. ದ್ಯಾವಯ್ಯ ತಮಟೆ ಎತ್ತಿಕೊಂಡು ಹೊಸಿಲು ದಾಟುತ್ತಾರೆ.

ರಮಾ ಎದ್ದು ಬಾಗಿಲಿಗೆ ಬರುತ್ತಾರೆ. "ಒಳಕ್ಕೆ ಬಾಪ್ಪಾ. ನೀನು ಇಲ್ಲೇ ಬಾರ್ಸು. ಎಂಟೂ ಹಾಡಿಗೆ ನಾನು ಹೊರಗೆ ನಿಂತ್ಕೋತೀನಿ."

ಶಶಿಕಿರಣ್ ತಬ್ಬಿಬ್ಬಾಗಿ ಮೈಕಿನ ವೈರನ್ನು ಜಗಲಿಗೆ ಎಳೆಯುತ್ತಾರೆ. ಅಷ್ಟರಲ್ಲಿ ತಣ್ಣಗಾದ ತಮಟೆಗೆ ಮತ್ತೆ ಬೆಂಕಿ ಕಾಣಿಸಬೇಕು. ಆಮೇಲೆ ಅಪ್ಪ ಒಳಗಿನಿಂದ ಕರೆಯುತ್ತಾರೆ, ಮಗಳು ಜಗಲಿಯಿಂದ ಓಗೊಡುತ್ತಾರೆ. ಆರು ನಿಮಿಷ, ಒಂದೇ ಉಸಿರಿಗೆ ಹಾಡು ಮುಗಿಯುತ್ತದೆ.

ಈ ಕ್ಯಾಸೆಟ್ಟಿನಿಂದ ಏನು ಆಸೆ ಎಂದು ಕೇಳುತ್ತೇನೆ. ದ್ಯಾವಯ್ಯ ಬೆವರು ಒರೆಸಿಕೊಂಡು ತಮಟೆಯನ್ನು ಗೋಡೆಗೆ ಒರಗಿಸುತ್ತಾರೆ.

"ನಮ್ಮೂರ್ನಾಗೆ ಎಷ್ಟೋ ಮನೆಗಳ ನಡುಮನೆ ನಾನು ನೋಡೇ ಇಲ್ಲ ಸ್ವಾಮಿ. ನನ್ನ ತಮಟೆನಾದ್ರೂ ಹೋಗಿ ನೋಡ್ಕೊಂಡು ಬರ್ಲಿ."