ಹರಾಜಾದ ಮೇಲಿನ ಮೂವತ್ತು ದಿನ

ಒಳಗೆ ನನ್ನ ಹೆಂಡತಿ ಅಂಟು ಕಾಯಿಸುತ್ತಿದ್ದಾಳೆ. ರಟ್ಟು ಕಿತ್ತುಹೋದ ನನ್ನ ಪುಸ್ತಕಗಳಿಗೆ ಇವತ್ತು ಮೋಕ್ಷ. ಹಿಟ್ಟು ಬೇಯುವ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅಜ್ಜಂಪುರದ ಒಂದು ಬಾಗಿಲು ಕಣ್ಣಿಗೆ ಕಟ್ಟುತ್ತದೆ. ಅದರ ಮೇಲೆ ಆಗತಾನೇ ಅಂಟಿಸಿದ ಕೋರ್ಟಿನ ಕಾಗದ. ಮನೆ ಹರಾಜಿನ ಕಾಗದ. ನೀವು ಅಯ್ಯೋ ಅನ್ನಬೇಡಿ. ಅದನ್ನು ನೆನೆದರೆ ನನಗೆ ಬರುವುದು ನಗುವೇ.

ಮನೆ ನನ್ನ ಗೌರತ್ತೆಯದು, ಅಂದರೆ ಅಪ್ಪನ ತಂಗಿಯದು. ಕಾಗದದಲ್ಲಿ ಮಾತ್ರ ಅವಳ ಗಂಡ ಸಿದ್ದಪ್ಪ ಮಾವನದು. ಮಾವನಿಗೆ ಹೊಲವಿತ್ತು, ತೆಂಗಿನ ತೋಟವಿತ್ತು, ಒಳ್ಳೆಯ ಕಂಠವೂ ಇತ್ತು. ಎಡವಟ್ಟು ಮಾಡಿದ್ದು ಈ ಮೂರನೆಯದೇ. ನಾಟಕದ ಕಂಪನಿ ಕಟ್ಟುತ್ತೇನೆಂದು ಮನೆಯನ್ನು ಸಾಹುಕಾರರೊಬ್ಬರಿಗೆ ಅಡಮಾನವಿಟ್ಟು, ಹುಬ್ಬಳ್ಳಿ ಕಡೆಯ ಚಿತ್ರಗಾರನನ್ನು ಕರೆಸಿ ಐದು ಪರದೆ ಬರೆಸಿದರು. ಕಂಪನಿ ಎರಡೇ ಆಟಕ್ಕೆ ಚದುರಿತು. ಮೊದಲ ಆಟದಲ್ಲಿ ರಾಜನ ವೇಷ ಹಾಕಿದ್ದ ಮಾವ ಪದ ಮರೆತು, ಸಿಂಹಾಸನದ ಮೇಲೆ ಕೂತಲ್ಲಿಂದಲೇ ಮಂತ್ರಿಯನ್ನು "ಮುಂದೇನಪ್ಪಾ?" ಎಂದು ಕೇಳಿದರಂತೆ. ಪರದೆಗಳು ಅಟ್ಟ ಸೇರಿದವು.

ಸಾಹುಕಾರರು ದಾವೆ ಹೂಡಿದರು. ಕೋರ್ಟು ಡಿಕ್ರಿ ಮಾಡಿ, ಆರು ತಿಂಗಳೊಳಗೆ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಿ ಎಂದು ಗಡುವು ಕೊಟ್ಟಿತು. ಮಾವ ಆ ನೋಟೀಸನ್ನು ನಾಲ್ಕಾಗಿ ಮಡಿಸಿ ಹಾರ್ಮೋನಿಯಂ ಕೆಳಗಿಟ್ಟರು. ಅತ್ತೆಯ ಮುಂದೆ ತುಟಿ ಬಿಚ್ಚಲಿಲ್ಲ. ಗಡುವು ಮುಗಿದು, ಕೋರ್ಟಿನ ಅಮೀನ ತಮಟೆಯವನನ್ನು ಕರೆದುಕೊಂಡು ಬಂದು ಬಾಗಿಲಿಗೆ ಕಾಗದ ಅಂಟಿಸಿದಾಗಲೇ ಅವಳಿಗೆ ಗೊತ್ತಾದದ್ದು.

ನಾನಾಗ ತರೀಕೆರೆಯಲ್ಲಿ ವಕೀಲರೊಬ್ಬರ ಗುಮಾಸ್ತ. ಹೊಸ ಕೋಟು ತೊಟ್ಟು, ಕಾನೂನೆಲ್ಲ ಅದರ ಜೇಬಿನಲ್ಲಿದೆ ಎಂದುಕೊಂಡಿದ್ದ ಕಾಲ. ಹರಾಜಿನ ದಿನ ಅತ್ತೆಯ ಮನೆಗೆ ಓಡಿದೆ. ಅಡಿಕೆ ವ್ಯಾಪಾರಿಯೊಬ್ಬರ ಕೂಗಿಗೆ ಮನೆ ನಿಂತಿತು. ನಾನು ಗಂಭೀರವಾಗಿ ಹೇಳಿದೆ: "ಮುಗೀತು ಅತ್ತೆ. ಇನ್ನೇನೂ ಮಾಡಕ್ಕಾಗಲ್ಲ."

ಅತ್ತೆ ನನ್ನ ಕೋಟನ್ನೊಮ್ಮೆ ನೋಡಿದಳು. ಆಮೇಲೆ ಜಗಲಿಯಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಅಮೀನನಿಗೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು, "ಅಲ್ಲ ಸ್ವಾಮಿ, ಇವತ್ತೇ ಮನೆ ಬಿಡ್ಬೇಕಾ?" ಎಂದಳು.

"ಯಾರಮ್ಮ ಹಂಗಂದೋರು?" ಅಮೀನ ಮೀಸೆ ಒರೆಸಿಕೊಂಡ. "ಇನ್ನೂ ಮೂವತ್ತು ದಿನ ವಾಯಿದೆ ಐತೆ. ಅಷ್ಟರೊಳ್ಗೆ ಸಾವ್ಕಾರ್ರ ಬಾಕಿ ಪೂರಾ ಕಟ್ಟಿ, ಕೂಗ್ದೋರಿಗೆ ಅವ್ರ ಕೂಗಿನ ಮೇಲೆ ನೂರಕ್ಕೆ ಐದು ಸೇರಿಸ್ಬಿಟ್ರೆ ಹರಾಜೇ ರದ್ದು. ಕಟ್ಲಿಲ್ಲ ಅಂದ್ರೆ ಹರಾಜು ಕಾಯಂ. ಆಮೇಲೆ ನಾನೇ ಬಂದು ಮನೆ ಬಿಡಿಸಿ ಅವ್ರಿಗೆ ಒಪ್ಪಿಸ್ಬೇಕಾಯ್ತದೆ."

ನಾನು ಕೋಟಿನ ಗುಂಡಿಗಳನ್ನು ಬಹಳ ಹೊತ್ತು ಪರಿಶೀಲಿಸಿದೆ.

"ರೀ, ಅಟ್ಟ ಹತ್ತಿ. ಪರದೆ ಇಳಿಸಿ," ಎಂದಳು ಅತ್ತೆ.

ಮಾವನ ಮುಖ ಬಾಡಿತು. "ಅರಮನೆ ಪರದೆ ಒಂದು ಬಿಟ್ಬಿಡೇ..."

"ಅರಮನೆ ಇಟ್ಕೊಂಡು ಬೀದೀಲಿ ಮಲಗ್ತೀರಾ?"

ಕಡೂರಿನಲ್ಲಿ ಒಂದು ನಾಟಕ ಕಂಪನಿ ಬಿಡಾರ ಹೂಡಿದೆ, ಗಾಳಿಮಳೆಗೆ ಅವರ ಪರದೆಗಳೆಲ್ಲ ಹರಿದುಹೋಗಿವೆ ಎಂದು ಅತ್ತೆ ಸಂತೆಯಲ್ಲಿ ಕೇಳಿದ್ದಳು. ಐದು ಸುರುಳಿಗಳ ಜೊತೆ ನಾವು ಮೂವರೂ ರೈಲು ಹತ್ತಿದೆವು. ಕಡೂರಿನ ಬಯಲಿನಲ್ಲಿ ಹಾಡುಹಗಲೇ ಅವಳು ಗಳ ನೆಡಿಸಿ ಪರದೆ ಬಿಚ್ಚಿಸಿದಳು: ಕಾಡು, ಬೀದಿ, ಉದ್ಯಾನ, ಸಮುದ್ರ, ಅರಮನೆ. ದಾರಿಹೋಕರೆಲ್ಲ ನೆರೆದರು. ಕಂಪನಿಯ ಯಜಮಾನರು ಮಾತ್ರ ಮೂಗು ಮುರಿದು, "ಬಣ್ಣ ಮಂಕಾಗಿದೆಯಲ್ಲಮ್ಮ," ಎಂದು ಅರ್ಧ ಬೆಲೆ ಕೇಳಿದರು.

ಅತ್ತೆ ಮಾವನ ಕಡೆ ತಿರುಗಿದಳು. "ಹಾಡ್ರೀ."

"ಇಲ್ಲೇನಾ?"

"ಇಲ್ಲೇ. ಮುಂದೆ ರಾಜ ನಿಂತ್ರೆ ತಾನೇ ಅರಮನೆ ಹೆಂಗೆ ಕಾಣ್ತದೆ ಅಂತ ಗೊತ್ತಾಗೋದು?"

ಮಾವ ಹೆಗಲ ಮೇಲಿನ ವಲ್ಲಿಯನ್ನು ರಾಜನ ಹಾಗೆ ಹೊದ್ದು, ಕಣ್ಣು ಮುಚ್ಚಿ ಹಾಡಿದರು. ಈ ಸಲ ಒಂದಕ್ಷರ ಮರೆಯಲಿಲ್ಲ. ಗಾಡಿ ಹೊಡೆಯುವವರು ಎತ್ತು ನಿಲ್ಲಿಸಿ ಕೇಳಿದರು. ಹಾಡು ಮುಗಿಯುತ್ತಲೇ ಗುಂಪಿನಿಂದ ಒಬ್ಬ ಕೂಗಿದ: "ಸ್ವಾಮಿ, ಆಟಕ್ಕೆ ಇವೇ ಪರದೆನಾ? ಹಂಗಾದ್ರೆ ಮನೆ ಮಂದಿಯೆಲ್ಲ ಬತ್ತೀವಿ!" ಯಜಮಾನರು ಅತ್ತೆ ಹೇಳಿದ ಬೆಲೆಯನ್ನೇ ಕೊಟ್ಟರು. ಕಮ್ಮಿ ಬಿದ್ದದ್ದನ್ನು ತೋಟದ ಕೊಬ್ಬರಿ ತುಂಬಿತು.

ಇಪ್ಪತ್ತೆಂಟನೆಯ ದಿನ ಹಣ ಕೋರ್ಟು ಸೇರಿತು. ಅರ್ಜಿ ಬರೆದವನು ನಾನೇ, ಅಮೀನನನ್ನು ಎರಡೆರಡು ಸಲ ಕೇಳಿಕೊಂಡು. ಹರಾಜು ರದ್ದಾಯಿತು. ಅಡಿಕೆ ವ್ಯಾಪಾರಿ ಕೂಡ ತಮ್ಮ ನೂರಕ್ಕೆ ಐದನ್ನು ಪಡೆದು, "ಮನೆ ಕೊಳ್ಳದೇನೇ ಲಾಭ ಬಂತಲ್ರೀ," ಎಂದು ನಕ್ಕರು.

ಮುಂದಿನ ವಾರವೇ ಅತ್ತೆ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಮಾವ ಖುಷಿಯಿಂದಲೇ ರುಜು ಹಾಕಿ, "ಇನ್ಮೇಲೆ ನಾನು ನಿನ್ನ ಮನೇಲಿ ಬಾಡಿಗೇಗಿರೋನು ಕಣೇ," ಎಂದರು.

"ಬಾಡಿಗೆ ಏನ್ ಕೊಡ್ತೀರಿ?"

"ದಿನಕ್ಕೊಂದು ಪದ."

"ಬಾಕಿ ನಿಲ್ಲಿಸಂಗಿಲ್ಲ."

ನಿಲ್ಲಿಸಲೂ ಇಲ್ಲ. ದಿನಾ ಬೆಳಿಗ್ಗೆ ಅವರು ಜಗಲಿಯಲ್ಲಿ ಕೂತು ಬಾಡಿಗೆ ತೀರಿಸುವಾಗ, ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರು.

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿ ಅವಳು ಅಂದದ್ದು ಒಂದೇ ಮಾತು: "ನಮ್ಮನೆ ಖಾತೆ ಯಾರ ಹೆಸರಲ್ಲಿದೆ?"

ಮರುದಿನವೇ ಹೋಗಿ ಅರ್ಜಿ ಕೊಟ್ಟು ಬಂದೆ. ನನಗೆ ಹಾಡಲು ಬರುವುದಿಲ್ಲವಾದ್ದರಿಂದ, ಬಾಡಿಗೆಯ ಬಾಬ್ತು ವಾರಕ್ಕೆರಡು ದಿನ ಅಡಿಗೆ ನನ್ನದೆಂದು ತೀರ್ಮಾನವಾಗಿದೆ. ಮನೆಯೊಡತಿ ಒಪ್ಪಿದ್ದಾಳೆ. ಮಕ್ಕಳು ಇನ್ನೂ ಒಪ್ಪಿಲ್ಲ.