ಗೋಣಿಯೊಳಗಿದ್ದ ಡಬ್ಬಿ

ಕುಲೆ-ಪ್ರೇತ ಕಂಡೆ, ಸತ್ತವರು ಕರೆದರು ಎನ್ನುವವರ ಮಾತನ್ನು ನಾನು ಎಂದೂ ನಂಬಿದವಳಲ್ಲ. ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ. ಕತ್ತಲಲ್ಲಿ ಬಿಳಿ ಸೀರೆ ಕಂಡಿತೆಂದು ಯಾರಾದರೂ ಹೇಳಿದರೆ, ಒಣಗಲು ಹಾಕಿದ ಬಟ್ಟೆ ಇರಬೇಕು ಎಂದುಕೊಳ್ಳುತ್ತಿದ್ದೆ. ಅಂಥವಳಿಗೆ ಹಾಡಹಗಲೇ ಒಂದು ಸಂಗತಿ ನಡೆಯಿತು. ಅದನ್ನು ಬೇರೆಯವರು ಬೇರೆ ರೀತಿ ಬರೆದಿಟ್ಟಿದ್ದಾರೆ. ಮಕ್ಕಳೇ, ನಾಳೆ ಆ ಬರಹ ನಿಮ್ಮ ಕೈಗೆ ಸಿಕ್ಕಿದರೆ ಅಜ್ಜಿ ಸುಳ್ಳು ಹೇಳಿದ್ದಳು ಎಂದು ನೀವು ತಿಳಿಯಬಾರದು. ಅದಕ್ಕೇ ಇದು. ಏಳನೇ ಕ್ಲಾಸಿನವರೆಗೆ ಓದಿದವಳ ಬರಹ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯವನ್ನು ತಿದ್ದಬೇಡಿ.

ನೀವು ತೀರಾ ಚಿಕ್ಕವರಿದ್ದಾಗ ಗುತ್ತಿಗಾರಿನ ನಮ್ಮ ಈ ಗುಡ್ಡದಲ್ಲಿ ಮೊಬೈಲಿಗೆ ರೇಂಜ್ ಇರಲಿಲ್ಲ. ಕೆಳಗಿನ ಟವರು ಕೂಡ ಕರೆಂಟು ಹೋದೊಡನೆ ಸಾಯುತ್ತಿತ್ತು. ಆಗ ಪುತ್ತೂರಿನಿಂದ ಇಬ್ಬರು ಬಂದರು. ಒಬ್ಬರು ರೇಡಿಯೋ ರಿಪೇರಿಯ ಸದಾಶಿವಣ್ಣ, ಇನ್ನೊಬ್ಬರು ಕುಂಬ್ರದ ಕಡೆಯ ಲೆಕ್ಚರರು, ನವೀನ್ ಸರ್. ಇಬ್ಬರೂ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು. ತಮ್ಮ ಹವ್ಯಾಸ ಊರಿಗೂ ಪ್ರಯೋಜನಕ್ಕೆ ಬರಲಿ ಎಂದು ಐದು ಡಬ್ಬಿ ತಂದಿದ್ದರು. ಊಟದ ಬುತ್ತಿಯಷ್ಟು ದೊಡ್ಡದು, ಮೇಲೊಂದು ಕಡ್ಡಿ, ಪಕ್ಕದಲ್ಲಿ ಬಿಸಿಲಿನ ತಟ್ಟೆ. ಡಬ್ಬಿಯ ಹತ್ತಿರ ಕುಳಿತು ಫೋನಿನಲ್ಲಿ ಟೈಪು ಮಾಡಿದರೆ ಅಕ್ಷರಗಳು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾರಿ ಗುಡ್ಡ ದಾಟುತ್ತಿದ್ದವು. ಟವರು ಬೇಡ.

ಗುಡ್ಡೆ, ಶಾಲೆ, ಡೈರಿ, ಅಂಗಡಿ, ಹೊಳೆ ಎಂದು ಡಬ್ಬಿಗಳಿಗೆ ಹೆಸರು. ಗುಡ್ಡೆ ನಮ್ಮದು. ಗಂಡಸರ ಎದುರು ಬಾಯಿ ಬಿಡದ ನನಗೆ ಆ ಕೆಲಸ ಹಿಡಿಸಿತು, ಏಕೆಂದರೆ ಮಾತಾಡಬೇಕಾಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಹಾಜರಿ. ಡಬ್ಬಿ ನೋಡಿಕೊಳ್ಳುವವರು ‘ಉಂಟು’ ಎಂದು ಒತ್ತಬೇಕು, ಅಷ್ಟೆ. ಹೊಳೆ ಡಬ್ಬಿಗೆ ಮಾತ್ರ ಯಾರೂ ಇರಲಿಲ್ಲ. ಕಂಬದ ಮೇಲೆ ಕುಳಿತು ಬೇರೆಯವರ ಸಂದೇಶವನ್ನು ಮುಂದೆ ದಾಟಿಸುವುದೊಂದೇ ಅದರ ಕೆಲಸ.

ಮಳೆಗಾಲ ಮುಗಿಯುವ ಹೊತ್ತಿಗೆ ಆನೆ ಬಂದು ಆ ಕಂಬವನ್ನು ಕಿತ್ತು ಡಬ್ಬಿಯನ್ನು ತುಳಿದು ಹಾಕಿತು. ಬ್ಯಾಟರಿ ಬಿಚ್ಚಿ ಇಟ್ಟುಕೊಳ್ಳಿ, ಬಂದಾಗ ಕೊಂಡುಹೋಗುತ್ತೇವೆ ಎಂದು ನವೀನ್ ಸರ್ ಹೇಳಿ ಕಳಿಸಿದರು. ನಿಮ್ಮ ಅಪ್ಪ ಚೂರುಗಳನ್ನೆಲ್ಲ ಗೊಬ್ಬರದ ಗೋಣಿಯಲ್ಲಿ ತುಂಬಿ ತಂದು ನಮ್ಮ ಜಗಲಿಯ ಮೂಲೆಯಲ್ಲಿ ಇಟ್ಟ. ಬ್ಯಾಟರಿಯನ್ನು ಬಿಚ್ಚಿ ಅಕ್ಕಿಡಬ್ಬದ ಮೇಲಿಟ್ಟವಳು ನಾನೇ.

ಅದಾಗಿ ಒಂದು ವಾರ. ನೀವೆಲ್ಲ ಮದುವೆಗೆಂದು ಈಶ್ವರಮಂಗಲಕ್ಕೆ ಹೋಗಿದ್ದಿರಿ. ಬೆಳಿಗ್ಗೆ ಹತ್ತು ಗಂಟೆ ಇರಬೇಕು, ನಾನು ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದೆ. ಫೋನು ಟಿಣ್ ಎಂದಿತು. ಹಾಜರಿಯ ಹೊತ್ತಲ್ಲವಲ್ಲ ಎಂದು ನೋಡಿದೆ. ‘ಕುರಿಯನ್ ಹೊಳೆಬದಿಯಲ್ಲಿ ಬಿದ್ದಿದ್ದಾರೆ. ಬೇಗ ಬನ್ನಿ.’ ಕಳಿಸಿದವರ ಜಾಗದಲ್ಲಿ ಹೊಳೆ ಎಂಬ ಹೆಸರು.

ನಾನು ಎದ್ದು ಹೋಗಿ ಗೋಣಿ ಬಿಚ್ಚಿದೆ. ಡಬ್ಬಿ ಅದರೊಳಗೇ ಇತ್ತು. ಕಡ್ಡಿ ಮುರಿದಿತ್ತು, ಒಳಗಿನ ಹಸಿರು ಹಲಗೆ ಎರಡು ತುಂಡಾಗಿತ್ತು. ಅಡುಗೆಮನೆಗೆ ಹೋದೆ. ಬ್ಯಾಟರಿ ಅಕ್ಕಿಡಬ್ಬದ ಮೇಲೆ ಇಟ್ಟ ಹಾಗೇ ಇತ್ತು. ಆದರೂ ಮನುಷ್ಯನ ಹೆಸರು ಬಂದಿದೆ, ಯೋಚಿಸುತ್ತ ಕೂರುವ ಹೊತ್ತಲ್ಲ. ‘ಹೊಳೆ ಹತ್ತಿರ ಜೀಪು ತನ್ನಿ’ ಎಂದು ಅಂಗಡಿಗೆ ಒತ್ತಿ ಗುಡ್ಡ ಇಳಿದೆ.

ಕುರಿಯನ್ ನಮ್ಮ ಆಚೆ ಬದಿಯ ರಬ್ಬರ್ ತೋಟದವರು, ಕಡಬದ ಕಡೆಯಿಂದ ಬಂದು ನೆಲೆಸಿದ ಮಲಯಾಳ ಮಾತಿನವರು, ನನ್ನನ್ನು ಅಕ್ಕ ಎನ್ನಲು ಚೇಚಿ ಎನ್ನುತ್ತಿದ್ದರು. ಪಂಪು ನೋಡಲು ಬಂದವರು ಪಾಚಿಕಲ್ಲಿನಲ್ಲಿ ಜಾರಿ, ಸೊಂಟ ಮುರಿದು, ಅರ್ಧ ನೀರಿನಲ್ಲಿ ಬಿದ್ದಿದ್ದರು. ತುಟಿ ನೀಲಿಯಾಗಿತ್ತು. ಜೀಪು ಬರುವವರೆಗೆ ಅವರ ತಲೆಯನ್ನು ನನ್ನ ಮಡಿಲಲ್ಲಿ ಎತ್ತಿ ಹಿಡಿದು ಕುಳಿತೆ.

“ಯಾರು ಬಂದಿದ್ದರು ಇಲ್ಲಿಗೆ?” ಎಂದು ಕೇಳಿದೆ.

“ಯಾರೂ ಇಲ್ಲ ಚೇಚಿ. ಕೂಗಿ ಕೂಗಿ ಸಾಕಾಯ್ತು. ಹೊಳೆಯ ಸದ್ದಿಗೆ ನನಗೇ ಕೇಳ್ತಿರಲಿಲ್ಲ. ನೀವು ಹೇಗೆ ಬಂದದ್ದು?”

ನಾನು ಸೆರಗಿನಿಂದ ಅವರ ಮುಖ ಒರೆಸಿದೆ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅದೂ ಮನೆಯಲ್ಲಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ.

ಎರಡು ದಿನದಲ್ಲಿ ರೇಡಿಯೋದವರು ಓಡಿಬಂದರು. ಸಂದೇಶ ನನ್ನ ಫೋನಿನಲ್ಲಿ ಹಾಗೇ ಇತ್ತು. ಬೇರೆ ಯಾರ ಫೋನಿಗೂ ಬಂದಿರಲಿಲ್ಲ. ಸದಾಶಿವಣ್ಣ ಗೋಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತುಂಡುಗಳನ್ನು ಜೋಡಿಸಿ ನೋಡಿದರು. ನವೀನ್ ಸರ್ ಹೇಳಿದರು.

“ಅಮ್ಮ, ನೀವೇ ಗಾಬರಿಯಲ್ಲಿ ಎಂತಾದ್ರೂ ಒತ್ತಿರ್ತೀರಿ. ಪ್ರಾಯ ಆಯ್ತಲ್ಲ.”

ಆ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಸಂದೇಶ ಬರುವ ಮೊದಲು ನನಗೆ ಗಾಬರಿ ಯಾಕೆ? ಕುರಿಯನ್ ಬಿದ್ದದ್ದು ಹುರುಳಿ ಆರಿಸುತ್ತಿದ್ದವಳಿಗೆ ಹೇಗೆ ಗೊತ್ತು? ಡಬ್ಬಿಯ ಹೆಸರು ಬದಲಿಸುವ ವಿದ್ಯೆ ನನಗೆ ಯಾರು ಕಲಿಸಿದ್ದಾರೆ? ಇಷ್ಟೆಲ್ಲ ಗಂಟಲವರೆಗೆ ಬಂತು, ನಾಚಿಕೆಯ ಸ್ವಭಾವ, ಹೊರಗೆ ಬರಲಿಲ್ಲ. ಪರೀಕ್ಷೆ ಮಾಡುತ್ತೇನೆಂದು ಅವರು ಫೋನು ತೆಗೆದುಕೊಂಡು ಹೋದರು. ವಾಪಸು ಕೊಟ್ಟಾಗ ಅದರಲ್ಲಿ ಆ ಸಂದೇಶ ಇರಲಿಲ್ಲ. ಎಲ್ಲ ಹೊಸದಾಗಿ ಹಾಕಬೇಕಾಯಿತು ಎಂದರು.

ಊರಿನವರು ಇನ್ನೊಂದು ಬಗೆ. ಡೈರಿಯಲ್ಲಿ ಹಾಲು ಅಳೆಯುವಾಗ ಒಬ್ಬಳು, “ನಿಮ್ಮ ಯಜಮಾನ್ರೇ ಕಳಿಸಿದ್ದು ಅಕ್ಕ, ಬೇರೆ ಯಾರು?” ಎಂದಳು. ನಿಮ್ಮ ಅಜ್ಜನಿಗೆ ಬದುಕಿದ್ದಾಗ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅರ್ಥವಾಗದ್ದನ್ನೆಲ್ಲ ಸತ್ತವರ ತಲೆಗೆ ಕಟ್ಟುವುದು ನನಗೆ ಸರಿ ಕಾಣಲಿಲ್ಲ. ಕ್ಯಾನು ಎತ್ತಿಕೊಂಡು ಬಂದೆ.

ತಿಂಗಳ ನಂತರ ಇಬ್ಬರೂ ಕಾಗದ ಹಿಡಿದು ಬಂದರು. ಈ ಡಬ್ಬಿಗಳನ್ನು ಕಡಬ, ಸುಳ್ಯದ ಎಲ್ಲ ಗುಡ್ಡಗಳಿಗೂ ಹಾಕಲು ದೊಡ್ಡವರಿಗೆ ರಿಪೋರ್ಟು ಕೊಡಬೇಕಂತೆ. ನಿಧಾನವಾಗಿ ಓದಿದೆ. ಅಂಗಡಿ ಡಬ್ಬಿಯಿಂದ ಬಂದ ಸಂದೇಶದಿಂದ ಒಂದು ಜೀವ ಉಳಿಯಿತು, ಅದನ್ನು ಸ್ವೀಕರಿಸಿದವರು ಇಂಥವರು ಎಂದು ನನ್ನ ಹೆಸರು. ಕೆಳಗೆ ಸಹಿಗೆ ಜಾಗ.

“ಇದರಲ್ಲಿ ಸುಳ್ಳು ಉಂಟು,” ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು.

“ಮತ್ತೆಂತ ಬರೆಯುದು ಅಮ್ಮ? ಮುರಿದ ಡಬ್ಬಿ ಮಾತಾಡಿತು ಅಂತಲಾ? ಜನ ನಗ್ತಾರೆ.”

“ಗೊತ್ತಿಲ್ಲ ಅಂತ ಬರೆಯಿರಿ.”

“ಗೊತ್ತಿಲ್ಲ ಅಂತ ರಿಪೋರ್ಟಲ್ಲಿ ಯಾರು ಬರಿತಾರೆ ಮಾರಾಯ್ರೆ?” ಎಂದು ನವೀನ್ ಸರ್ ನಕ್ಕು ಪೆನ್ನು ಚಾಚಿದರು. ಸದಾಶಿವಣ್ಣ ಅಂಗಳದ ಕಡೆ ಮುಖ ತಿರುಗಿಸಿದರು.

ಜೀವನದಲ್ಲಿ ಯಾರಿಗೂ ಇಲ್ಲ ಎಂದವಳಲ್ಲ ನಾನು. ಅವತ್ತು ಪೆನ್ನು ಮುಟ್ಟಲಿಲ್ಲ. ಚಹಾ ಕೊಟ್ಟೆ, ಕುಡಿದರು, ಗೋಣಿಯನ್ನು ಹೊತ್ತು ಹೋದರು. ನನ್ನ ಸಹಿ ಇಲ್ಲದೆಯೇ ರಿಪೋರ್ಟು ಹೋಯಿತು. ಡಬ್ಬಿಗಳು ಬಂದವು, ಒಳ್ಳೆಯದೇ ಆಯಿತು. ಅವರ ಕೆಲಸವನ್ನು ನಾನು ಹಳಿಯುವುದಿಲ್ಲ. ಬರೆದದ್ದನ್ನು ಕ್ಷಮಿಸುವುದೂ ಇಲ್ಲ.

ಆ ಸಂದೇಶ ಯಾರು ಕಳಿಸಿದರು, ಹೇಗೆ ಬಂತು? ಇಷ್ಟು ವರ್ಷ ಯೋಚಿಸಿದ್ದೇನೆ. ನನಗೆ ಗೊತ್ತಿಲ್ಲ. ಇದರ ಕೆಳಗೆ ನಾನೇ ಸಹಿ ಹಾಕಿದ್ದೇನೆ.