ಟೈಲ್ ಮೇಸ್ತ್ರಿಯ ಹಳ್ಳಗಳು

ಹುಲ್ಲು, ಇಟ್ಟಿಗೆ, ನೀರಿನ ಚೌಕಚಿತ್ರಗಳನ್ನು ಜೋಡಿಸಿ ಕಂಪ್ಯೂಟರ್ ಆಟದ ಲೆವೆಲ್ ಕಟ್ಟುವ ಗಂಡನಿಗೆ ಅವಳಿಟ್ಟ ಹೆಸರು ಟೈಲ್ ಮೇಸ್ತ್ರಿ. ಹುಲ್ಲಿಗೂ ನೀರಿಗೂ ನಡುವೆ ದಡದ ಚೌಕ ಕೂರದಿದ್ದರೆ ಅನ್ನ ಸೇರದ ಪ್ರಾಣಿ ಅದು. ತನ್ನ ಮದುವೆಯಲ್ಲೂ ಹೆಣ್ಣನ್ನು ಬಿಟ್ಟು ಮಂಟಪದ ನೆಲದ ಟೈಲ್ ನೋಡುತ್ತ, "ಆ ಮೂಲೇದು ತಿರುಗಿ ಕೂತಿದೆ ಕಣೆ" ಎಂದಿದ್ದ. ಮಗು ಎಲ್ಲಿ ಬೀಳುತ್ತದೋ ಎಂದು ಅವಳು ಜೀವ ಕೈಯಲ್ಲಿ ಹಿಡಿದಿದ್ದರೆ, "ನಿಂದು ಅತಿಯಾಯ್ತು" ಎಂದು ಅವನಿಗೆ ನಗು. ಮಗು ಮಂಚದಿಂದ ಬಿದ್ದ ದಿನವೂ ನಕ್ಕು ಕೆಲಸಕ್ಕೆ ಕೂತವನೇ. ಈಗ ಆ ಕೆಲಸಕ್ಕೇ ಕುತ್ತು ಬಂದಿದೆ. "ನಿನ್ನ ಹಳ್ಳಕ್ಕೆ ಬಿದ್ದೋರು ಒಬ್ರೂ ಸಾಯಲ್ವಲ್ಲಯ್ಯ, ಇದೆಂಥ ಆಟ?" ಎಂದು ಆಟದ ಕಂಪನಿಯ ಯಜಮಾನರು ಫೋನಿನಲ್ಲಿ ಬೈಯುತ್ತಿದ್ದರು. ಅವಳು ಪರದೆಯತ್ತ ಬಗ್ಗಿದಳು. ಮಗು ಬಿದ್ದ ದಿನದಿಂದ ಅವನು ಕಟ್ಟಿದ ಪ್ರತಿ ಹಳ್ಳದ ತಳದಲ್ಲೂ ಮೆತ್ತನೆಯ ಹುಲ್ಲು ಹಾಸಿತ್ತು. "ತೆಗೀತೀನಿ ಸಾರ್" ಎನ್ನುತ್ತಲೇ ಮೇಸ್ತ್ರಿ ಇನ್ನೊಂದು ಹುಲ್ಲಿನ ಚೌಕ ಕೂರಿಸಿದ.